ದಿನಸಿ ವೆಬ್‌ಸೈಟಿನ ಸರ್ಚ್‌ಗೆ ಕನ್ನಡ ಕಲಿಸೋದು ಹೇಗೆ?

ಹುಬ್ಬಳ್ಳಿಯ ಗ್ರಾಹಕರೊಬ್ಬರು ನಿಮ್ಮ ಸೈಟಿನಲ್ಲಿ ಶೇಂಗಾ ಅಂತ ಹುಡುಕುತ್ತಾರೆ. ಸ್ಟಾಕ್ ಪಟ್ಟಿಯಲ್ಲಿ ಇರೋದು ಕಡಲೆಬೀಜ. ಗೋಡೌನ್‌ನಲ್ಲಿ ಮೂಟೆಗಟ್ಟಲೆ ಇದ್ದರೂ ಪರದೆ ಮೇಲೆ ಏನೂ ಬರೋಲ್ಲ, ಅವರು ಬೇರೆ ಆ್ಯಪ್‌ಗೆ ಹೋಗಿಬಿಡುತ್ತಾರೆ.

ಹಾಗಾಗಿ ಬಣ್ಣ, ಐಕಾನ್ ಎಲ್ಲ ಆಮೇಲೆ. ಮೊದಲು ಸಮಾನ ಪದಗಳ ಒಂದು ಶೀಟ್ ಮಾಡಿ. ತೊಗರಿಬೇಳೆ ಮತ್ತು ತೂರ್ ದಾಲ್, ರವೆ ಮತ್ತು ಸೂಜಿ, ಹೀಗೆ. ಇದನ್ನು ಡೆವಲಪರ್ ಕೂತು ಊಹಿಸೋದಲ್ಲ, ಫೋನ್‌ನಲ್ಲಿ ಆರ್ಡರ್ ಬರೆದುಕೊಳ್ಳುವವರನ್ನು ಕೇಳಿ, ಯಾವ ಊರಿನವರು ಏನಂತಾರೆ ಅಂತ ಅವರಿಗೆ ಬಾಯಿಪಾಠ ಇರುತ್ತದೆ. ಆದರೆ ಹತ್ತಿರದ್ದನ್ನೆಲ್ಲ ಸುಮ್ನೆ ಒಂದೇ ಮಾಡಬೇಡಿ: ಕೊಬ್ಬರಿ ಕೇಳಿದವರಿಗೆ ಹಸಿ ತೆಂಗಿನಕಾಯಿ ತೋರಿಸಿದರೆ ಸಿಟ್ಟು ಬರುತ್ತದೆ, ಅಲ್ವಾ?

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರೂ ತುಂಬ ಇದ್ದಾರೆ. ರಾಗಿ ಹಿಟ್ಟು ಬರೆಯುವಾಗ ಒಬ್ಬರು ಒಂದು 'ಎ' ಹಾಕುತ್ತಾರೆ, ಇನ್ನೊಬ್ಬರು ಎರಡು. ಹುಡುಕಿದ ಪದ, ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟ ಸರಕಿನ ಹೆಸರು ಎರಡರಲ್ಲೂ ಜೋಡಿ ಅಕ್ಷರವನ್ನು ಒಂದಕ್ಕಿಳಿಸಿ ಹೋಲಿಸಿದರೆ ಅರ್ಧ ತಲೆನೋವು ಹೋಗುತ್ತದೆ.

ಕನ್ನಡ ಲಿಪಿಯದು ಬೇರೆಯೇ ಕಥೆ. ಪಾಪ್‌ಕಾರ್ನ್ ಅಂತ ಬರೆಯುವಾಗ 'ಪ್' ಆದಮೇಲೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಕೂತಿರುತ್ತದೆ. ಗ್ರಾಹಕರು ಅದಿಲ್ಲದೆ ಪಾಪ್ಕಾರ್ನ್ ಅಂತ ಹೊಡೆದರೆ ಕಂಪ್ಯೂಟರಿಗೆ ಅದು ಬೇರೆ ಪದ. ಇಂಡೆಕ್ಸ್ ಮಾಡುವಾಗಲೂ (ಅಂದರೆ ಸರಕಿನ ಹೆಸರನ್ನು ಸರ್ಚ್ ಪಟ್ಟಿಗೆ ಸೇರಿಸುವಾಗಲೂ) ಹುಡುಕುವಾಗಲೂ ಆ ಅಕ್ಷರವನ್ನು ಕಿತ್ತುಹಾಕಿ, ಒಂದೇ ಅಕ್ಷರದ ಬೇರೆ ಬೇರೆ ಕೋಡ್‌ಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಾರ್ಮಲೈಸೇಶನ್ ಕೂಡ ಮಾಡಿಬಿಡಿ. ಎಲಾಸ್ಟಿಕ್‌ಸರ್ಚ್ ಅನ್ನೋ ಸರ್ಚ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ಭಾರತೀಯ ಲಿಪಿಗಳಿಗೆಂದೇ ಒಂದು ಫಿಲ್ಟರ್ ಅದರಲ್ಲಿದೆ. ಕನ್ನಡ ಅಂಕಿಯನ್ನು ಮಾಮೂಲಿ ಅಂಕಿ ಮಾಡುವ ಫಿಲ್ಟರೂ ಇದೆ, '೫ ಕೆಜಿ ಅಕ್ಕಿ' ಅಂತ ಹುಡುಕುವವರಿಗೆ ಬೇಕಾಗುತ್ತದೆ.

ಕಾಗುಣಿತದ ತಪ್ಪನ್ನು ಕ್ಷಮಿಸುವ ಫಜಿ ಸರ್ಚ್ ಬೇಕೇ ಬೇಕು, ಆದರೆ ಹದ ತಪ್ಪಿದರೆ ಕೆಟ್ಟಿತು. ಎಲಾಸ್ಟಿಕ್‌ಸರ್ಚ್‌ನ ಆಟೋ ಸೆಟ್ಟಿಂಗ್ 3ರಿಂದ 5 ಅಕ್ಷರದ ಪದದಲ್ಲಿ ಒಂದು ತಪ್ಪನ್ನು ಬಿಟ್ಟುಕೊಡುತ್ತದೆ, ಅದರ ಲೆಕ್ಕದಲ್ಲಿ ಸ್ವರಚಿಹ್ನೆಯೂ ಒಂದು ಅಕ್ಷರ. ಅಂದರೆ ಬೇಳೆಗೂ ಬಾಳೆಗೂ ಇರೋದು ಒಂದೇ ತಪ್ಪಿನ ದೂರ! ಸಾಂಬಾರಿಗೆ ಬೇಳೆ ಹುಡುಕಿದವರ ಮುಂದೆ ಬಾಳೆ ಹಣ್ಣು ಬರಬಹುದು. ಅದಕ್ಕೇ ಮೊದಲು ಪಕ್ಕಾ ಹೊಂದುವುದನ್ನು ಹುಡುಕಿ, ಏನೂ ಸಿಗದಿದ್ದರೆ ಮಾತ್ರ ಫಜಿಗೆ ಹೋಗಿ.

ಮೊಬೈಲಿನಲ್ಲಿ ಸರ್ಚ್ ಡಬ್ಬಿಯನ್ನು ಭೂತಗನ್ನಡಿ ಐಕಾನ್ ಹಿಂದೆ ಬಚ್ಚಿಡಬೇಡಿ. ಡಬ್ಬಿಯೊಳಗಿನ ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ, ಅದನ್ನು ಮುಟ್ಟಿದಾಗ ಐಫೋನ್ ತಾನೇ ಪುಟವನ್ನು ಝೂಮ್ ಮಾಡಿ ಕಿರಿಕಿರಿ ಕೊಡುತ್ತದೆ.

ಇನ್ನು, ಫಲಿತಾಂಶ ಸಿಗದ ಹುಡುಕಾಟಗಳನ್ನೆಲ್ಲ ಒಂದು ಕಡೆ ಲಾಗ್ ಮಾಡಿ, ವಾರಕ್ಕೊಮ್ಮೆ ಕೂತು ಓದಿ. ನಿಮ್ಮಲ್ಲಿ ಇದ್ದೂ ಸಿಗದ ಸರಕಾದರೆ ಆ ಪದ ಶೀಟಿಗೆ ಹೋಗಲಿ. ಇಲ್ಲದ ಸರಕನ್ನೇ ಜನ ಮತ್ತೆ ಮತ್ತೆ ಕೇಳುತ್ತಿದ್ದರೆ ಆ ಪಟ್ಟಿಯನ್ನು ಖರೀದಿ ನೋಡಿಕೊಳ್ಳುವವರಿಗೆ ಕಳಿಸಿ.