ಕೊಟ್ಟಿಗೆಹಾರದಲ್ಲಿ ಈಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್

ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಂದರೆ ನನ್ನ ಅಂಬಾಸಿಡರ್ ಸ್ಟಾರ್ಟ್ ಆಗುತ್ತಿರಲಿಲ್ಲ. ಓಡುವಾಗ ತೊಂದರೆ ಇಲ್ಲ. ನಿಲ್ಲಿಸಿದ ಹತ್ತೇ ನಿಮಿಷಕ್ಕೆ ಎಕ್ಸಾಸ್ಟ್ ಕಾವು ಮೇಲೇರಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನ ಬೌಲ್‌ನಲ್ಲಿ ಪೆಟ್ರೋಲ್ ಕುದಿಯುತ್ತಿತ್ತು. ಈ 1489 ಸಿಸಿ ಬಿ-ಸೀರೀಸ್ ಇಂಜಿನ್‌ನಲ್ಲಿ ಒಳಗೆ ಎಳೆಯುವ, ಹೊಗೆ ಬಿಡುವ ಎರಡೂ ಕೊಳವೆ (ಮ್ಯಾನಿಫೋಲ್ಡ್) ಒಂದೇ ಕಡೆ ಅಲ್ವಾ? ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೆ ಕಾಟ ಜಾಸ್ತಿಯಾಯಿತು. ಮ್ಯಾನಿಫೋಲ್ಡ್‌ಗೂ ಕಾರ್ಬ್ಯುರೇಟರ್‌ಗೂ ನಡುವೆ ಕಾವು ತಡೆಯುವ ತುಂಡು ಇಡೋಣ ಅಂದುಕೊಂಡೆ.

"ಕಾರ್ಬ್ಯುರೇಟರ್ ಹಿಂದೆ ತುಂಡು ಇಟ್ರೆ ಏನೂ ಆಗಲ್ಲ ಸಾರ್, ಎಲೆಕ್ಟ್ರಿಕ್ ಪಂಪ್ ಹಾಕ್ಸಿ" ಅಂದರು ಮೆಕ್ಯಾನಿಕ್. ಹಾಕಿಸಿದೆ. ಎರಡೂವರೆ ಸಾವಿರ ಹೋಯಿತು. ಪ್ರೆಶರ್‌ಗೆ ಎಸ್‌ಯು ಕಾರ್ಬ್ಯುರೇಟರ್‌ನ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಉಕ್ಕಿ ಬಿಸಿ ಎಕ್ಸಾಸ್ಟ್ ಪಕ್ಕವೇ ಸುರಿಯಿತು. ಅವತ್ತೇ ಬಿಚ್ಚಿಸಿದೆ.

ಆಮೇಲೆ ಲೇತ್‌ನಲ್ಲಿ ಅಲ್ಯೂಮಿನಿಯಂ ತುಂಡು ಮಾಡಿಸಿದೆ. ಏಳುನೂರು ರೂಪಾಯಿ ದಂಡ. ಕಾವು ಅದರೊಳಗೇ ನೇರವಾಗಿ ದಾಟಿ ಬಂತು. ಸಾಗುವಾನಿ ಮರದ್ದು ಎರಡು ತಿಂಗಳು ಚೆನ್ನಾಗಿತ್ತು. ಕೊನೆಗೆ ಪೆಟ್ರೋಲ್ ಕುಡಿದು ಸೊಟ್ಟಗಾಯಿತು, ಗಾಳಿ ಎಳೆದು ಐಡ್ಲಿಂಗ್ ಹಾಳಾಯಿತು. ಪೆಟ್ರೋಲ್ ಪೈಪಿಗೆ ಕಾವು ಇಳಿಯುತ್ತದೆ ಅಂತ ಬಟ್ಟೆ ಕ್ಲಿಪ್ಪು ಸಿಕ್ಕಿಸಿಯೂ ನೋಡಿದೆ. ಹದಿನಾರು ಕ್ಲಿಪ್ಪು, ಒಂದು ಡಿಗ್ರಿಯೂ ಇಳಿಯಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಹೈಲಂ ಶೀಟ್, ಅಂದರೆ ಕಾವು ಸುಲಭಕ್ಕೆ ದಾಟಿಸದ ಗಟ್ಟಿ ಬೇಕಲೈಟ್ ಹಾಳೆ. ತುಂಡಿಗೆ ಇನ್ನೂರೈವತ್ತು, ಕೊರೆಸಲು ಐನೂರು. 6 ಎಂಎಂ ಸಾಲಲಿಲ್ಲ, 12 ಎಂಎಂ ಸರಿಹೋಯಿತು. ಕಾರ್ಬ್ಯುರೇಟರ್ ಬಿಗಿಯುವ ಸ್ಟಡ್ ಉದ್ದದ್ದು ಬೇಕು, ಥ್ರಾಟಲ್ ಲಿಂಕೇಜ್ ಮತ್ತೆ ಹೊಂದಿಸಬೇಕು. ಸ್ಟಡ್ ಮೂಲಕವೂ ಕಾವು ಬರುತ್ತದೆ, ನಟ್ ಕೆಳಗೆ ಫೈಬರ್ ವಾಷರ್ ಹಾಕಿ. ಇದೇ ಬಿ-ಸೀರೀಸ್ ಕುಟುಂಬದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಗೆ ಕಂಪನಿಯಿಂದಲೇ ಹೀಟ್ ಶೀಲ್ಡ್ (ಕಾವು ತಡೆಯುವ ತಗಡು) ಬರುತ್ತಿತ್ತು. ನಾನೂ ಅಲ್ಯೂಮಿನಿಯಂ ಶೀಟ್ ಕತ್ತರಿಸಿ ಒಂದು ಮಾಡಿದೆ. ಶೀಲ್ಡ್ ಮ್ಯಾನಿಫೋಲ್ಡ್ ಕಡೆ ಇರಬೇಕು, ಹೈಲಂ ಕಾರ್ಬ್ಯುರೇಟರ್ ಕಡೆ. ಮೊದಲ ಸಲ ತಿರುಗಿಸಿ ಹಾಕಿದ್ದೆ. ಶೀಲ್ಡ್ ಹಿಡಿದ ಕಾವನ್ನೆಲ್ಲ ಕಾರ್ಬ್ಯುರೇಟರ್‌ಗೇ ಕೊಟ್ಟಿತು. ಪ್ಯಾಕಿಂಗ್‌ಗೆ ಏನು ಹಚ್ಚಿದೆ, ಶೀಲ್ಡ್ ಅಂಚು ಎಷ್ಟು ಮಡಿಸಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ನನಗೆ ಎರಡು ಬೇಸಿಗೆ ಹಿಡಿಯಿತು.

ಮೇ ತಿಂಗಳಲ್ಲಿ ನಾಲ್ಕು ಜನ ಕೂತು ಅದೇ ಘಾಟಿ ಹತ್ತಿದೆವು. ಕಾಲು ಗಂಟೆ ನಿಲ್ಲಿಸಿ ಟೆಂಪರೇಚರ್ ಗನ್ ಹಿಡಿದೆ. ಮೊದಲು ಬೌಲ್ 70 ಡಿಗ್ರಿ ಆಸುಪಾಸು ಇರುತ್ತಿತ್ತು, ಈಗ 50 ದಾಟಲಿಲ್ಲ. ಒಂದೇ ಸೆಲ್ಫ್‌ಗೆ ಎದ್ದಿತು. ಅದೇ ಮೆಕ್ಯಾನಿಕ್ ಮೊನ್ನೆ ಅಳತೆ ಬರೆದುಕೊಂಡು ಹೋದರು.

ಈಗ ಗೆಳೆಯನ ಪ್ರೀಮಿಯರ್ ಪದ್ಮಿನಿ ಕಾರಿನ ಸರದಿ. ಅದರ ಸೋಲೆಕ್ಸ್ ಕಾರ್ಬ್ಯುರೇಟರ್ ಮ್ಯಾನಿಫೋಲ್ಡ್ ಮೇಲೆ ಕೂರುತ್ತದೆ. ದಪ್ಪ ತುಂಡು ಇಟ್ಟರೆ ಏರ್ ಫಿಲ್ಟರ್ ಬಾನೆಟ್‌ಗೆ ತಾಗಬಹುದು. 8 ಎಂಎಂ ಕತ್ತರಿಸಿ ಇಟ್ಟಿದ್ದೇನೆ.