ಬಾಳೆದಿಂಡಿನ ಮೇಲೆ ನಿಂತ ಮಂಟಪ: ನನ್ನ ಅನುಭವ

ಮೈಸೂರಿನಿಂದ 50 ಕಿಲೋಮೀಟರಿನೊಳಗೆ ಬೆಳೆದ ಹೂವನ್ನಷ್ಟೇ ಬಳಸಿ ಮದುವೆ ಮಂಟಪ ಮಾಡುತ್ತೇನೆಂದು ನಾನು ಮೊದಲು ಹೇಳಿದಾಗ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನನ್ನೊಂದಿಗೆ ಚಹಾ ಕುಡಿಯುತ್ತಿದ್ದ ಮೂವರು ಅಲಂಕಾರದವರೂ ನಕ್ಕರು. ಜರ್ಬೆರಾ, ಕಾರ್ನೇಷನ್, ಆರ್ಕಿಡ್ ಇಲ್ಲದ ಮಂಟಪವನ್ನು ಜನ ದೇವಸ್ಥಾನದ ಅಲಂಕಾರವೆಂದುಕೊಳ್ಳುತ್ತಾರೆ, ಎರಡನೆಯ ಆರ್ಡರು ಬರುವುದಿಲ್ಲ ಎಂಬುದು ಅವರ ವಾದವಾಗಿತ್ತು. ಮೊದಲ ವರ್ಷ ಅವರ ಮಾತೇ ಗೆದ್ದಿತು. ಇದು ಮೂರನೆಯ ವರ್ಷ. ಹೋದ ಕಾರ್ತಿಕ ಮತ್ತು ಮಾರ್ಗಶಿರದಲ್ಲಿ ಒಟ್ಟು 11 ಮಂಟಪ ಮಾಡಿದ್ದೇನೆ, ಒಂದಕ್ಕೂ ಬೆಂಗಳೂರಿನ ಬಸ್ಸಿನಿಂದ ಹೂವಿನ ಡಬ್ಬ ಇಳಿಸಿಲ್ಲ.

ನಮ್ಮ ಕಡೆಯ ಹೂವಿನ ತೊಂದರೆ ಬಣ್ಣದ್ದೂ ಅಲ್ಲ, ಬಾಳಿಕೆಯದೂ ಅಲ್ಲ, ತೊಟ್ಟಿನದು. ಇಲ್ಲಿನ ರೈತರು ಚೆಂಡುಹೂ, ಸೇವಂತಿಗೆ, ಸುಗಂಧರಾಜಗಳನ್ನು ಹಾರಕ್ಕೆಂದು ಬಿಡಿಯಾಗಿ ಬಿಡಿಸಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ತಲೆ ಮಾತ್ರ ಇರುವ ಹೂವನ್ನು ಪೋಣಿಸಬಹುದು, ಆದರೆ ಅದನ್ನು ಎಲ್ಲಿಯೂ ನೆಡಲು ಆಗುವುದಿಲ್ಲ. ಮೊದಲ ಮಂಟಪಕ್ಕೆ ನಾನು ತೆಂಗಿನ ಗರಿಯ ಕಡ್ಡಿಗೆ ಒಂದೊಂದೇ ಚೆಂಡುಹೂ ಚುಚ್ಚಿಸಿದೆ. ಐದು ಜನ ಹುಡುಗರು ರಾತ್ರಿಯೆಲ್ಲ ಕುಳಿತರು, ಕೂಲಿಯೇ 4,000 ದಾಟಿತು, ಕಡ್ಡಿಯಿಂದ ನೀರು ಏರುವುದಿಲ್ಲವಾದ್ದರಿಂದ ಧಾರೆಯ ಹೊತ್ತಿಗೆ ಹೂವುಗಳು ತಲೆ ಬಾಗಿಸಿದವು. ಹೆಣ್ಣಿನ ಕಡೆಯವರು ಬಾಕಿ ಹಣದಲ್ಲಿ 5,000 ಹಿಡಿದುಕೊಂಡರು. ನಾನು ಜಗಳವಾಡಲಿಲ್ಲ.

ತೊಟ್ಟಿನ ಸಮೇತ ಕೊಯ್ದು ಕೊಡಿ ಎಂದು ಪಾಂಡವಪುರ ಮತ್ತು ನಂಜನಗೂಡಿನ ಕಡೆಯ ಆರೇಳು ರೈತರನ್ನು ಕೇಳಿದೆ. ಕೊಂಬೆ ಕೊಯ್ದರೆ ಮುಂದಿನ ಬಿಡಿತಕ್ಕೆ ಮೊಗ್ಗೇ ಉಳಿಯುವುದಿಲ್ಲವೆಂದು ಎಲ್ಲರೂ ತಲೆಯಾಡಿಸಿದರು, ಅವರ ಲೆಕ್ಕ ಸರಿಯಾಗಿಯೇ ಇತ್ತು. ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಎರಡು ತಿಂಗಳು ಹೂ ಬಿಡಿಸಿದ ಮೇಲೆ ಚೆಂಡುಹೂವಿನ ಗಿಡ ದಣಿಯುತ್ತದೆ, ಹೂವು ಸಣ್ಣದಾಗುತ್ತದೆ, ಬಿಡಿಸುವ ಕೂಲಿಯೂ ಹುಟ್ಟದೆ ರೈತ ಅದನ್ನು ಉತ್ತುಬಿಡುತ್ತಾನೆ. ಆ ಕೊನೆಯ ವಾರದ ಗಿಡಗಳನ್ನೇ ಸಾಲಿನ ಲೆಕ್ಕದಲ್ಲಿ ಕೊಳ್ಳಲು ಆರಂಭಿಸಿದೆ; ಒಂದು ಸಾಲಿಗೆ 150 ರಿಂದ 200 ರೂಪಾಯಿ, ಕೊಯ್ಲು ನಮ್ಮದೇ. ಮಾರುಕಟ್ಟೆಗೆ ಸಣ್ಣದೆನಿಸುವ ಹೂವು ಜೋಡಣೆಗೆ ಹೇಳಿ ಮಾಡಿಸಿದಂತಿರುತ್ತದೆ, ಏಕೆಂದರೆ ತಲೆ ಹಗುರವಾದಷ್ಟೂ ಟೊಳ್ಳು ಕಾಂಡ ಬಾಗುವುದಿಲ್ಲ. ಯಾವ ರೈತನ ಗಿಡ ಯಾವ ವಾರ ಮುಗಿಯುತ್ತದೆಂಬ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿದೆ, ಅದನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ.

ಎರಡನೆಯ ಖರ್ಚು ಫೋಮಿನದು, ಅಂದರೆ ತೊಟ್ಟು ಚುಚ್ಚಿ ನಿಲ್ಲಿಸುವ, ನೀರು ಹೀರುವ ಸ್ಪಂಜಿನಂಥ ಇಟ್ಟಿಗೆಗಳದು. ಮಧ್ಯಮ ಗಾತ್ರದ ಮಂಟಪಕ್ಕೆ 60–70 ಇಟ್ಟಿಗೆ ಬೇಕಾಗುತ್ತಿತ್ತು, ಸುಮಾರು 4,000 ರೂಪಾಯಿ ಒಂದೇ ದಿನಕ್ಕೆ ಕಸವಾಗುತ್ತಿತ್ತು. ಅದರ ಜಾಗಕ್ಕೆ ಬಾಳೆದಿಂಡನ್ನು ತಂದೆ. ಗೊನೆ ಕಡಿದ ಮೇಲೆ ತೋಟದಲ್ಲಿ ಬಿದ್ದಿರುವ ದಿಂಡಿಗೆ ಸಾಗಣೆಯ ಖರ್ಚಷ್ಟೇ. ನೀರು ಅದರೊಳಗೇ ಇರುತ್ತದೆ, ದಬ್ಬಳದಿಂದ ಓರೆಯಾಗಿ ತೂತು ಮಾಡಿ ತೊಟ್ಟು ಇಳಿಸಿದರೆ ನೆರಳಿನಲ್ಲಿ ಒಂದೂವರೆ ದಿನ ಹೂವು ಬಾಡುವುದಿಲ್ಲ, ಮದುವೆ ಮುಗಿದ ಮೇಲೆ ಛತ್ರದ ಪಕ್ಕದ ಹಸುಗಳಿಗೆ ಮೇವಾಗುತ್ತದೆ. ಆದರೆ ಹಸಿ ದಿಂಡನ್ನು ಹಾಗೆಯೇ ಕಟ್ಟಿದ್ದರಿಂದ ಮೊದಲ ಬಾರಿ ಕರೆ ಸೋರಿ ಬಾಡಿಗೆಗೆ ತಂದಿದ್ದ ರೇಷ್ಮೆ ಪರದೆಗೆ ಹತ್ತಿತು. ಬಾಳೆ ಕರೆ ಯಾವ ಸೋಪಿಗೂ ಜಗ್ಗುವುದಿಲ್ಲವೆಂಬುದು ನಿಮಗೂ ಗೊತ್ತು. 3,500 ಕೊಟ್ಟು ಪರದೆಯನ್ನು ನಾನೇ ಕೊಂಡುಕೊಂಡೆ. ಈಗ ದಿಂಡನ್ನು ಹಿಂದಿನ ಸಂಜೆಯೇ ಕತ್ತರಿಸಿ, ಕೊಯ್ದ ಬಾಯಿ ಕೆಳಗಾಗುವಂತೆ ರಾತ್ರಿಯೆಲ್ಲ ನಿಲ್ಲಿಸಿ, ಹೊರಗಿನ ಎರಡು ಪಟ್ಟೆ ಸುಲಿದು, ಎರಡೂ ತುದಿಗೆ ಬಾಳೆಲೆ ಸುತ್ತಿಯೇ ಛತ್ರಕ್ಕೆ ಒಯ್ಯುತ್ತೇನೆ.

ಜೋಡಣೆಯಲ್ಲಿ ನಾನು ಕಲಿತ ಮುಖ್ಯ ವಿಷಯ ಬಣ್ಣಕ್ಕಿಂತ ಹೆಚ್ಚಾಗಿ ದೀಪಕ್ಕೆ ಸಂಬಂಧಿಸಿದ್ದು. ಛತ್ರದ ಹಳದಿ ದೀಪದ ಕೆಳಗೆ ಹಳದಿ ಸೇವಂತಿಗೆ ಬಿಳಿಚಿಕೊಳ್ಳುತ್ತದೆ, ಕಿತ್ತಳೆ ಚೆಂಡುಹೂ ಒಂದೇ ಮುದ್ದೆಯಂತೆ ಕಾಣುತ್ತದೆ. ನಡುನಡುವೆ ಕಡುಗೆಂಪು ಕೋಳಿಜುಟ್ಟು, ಹಿಂದೆ ದಟ್ಟ ಹಸಿರು ಹೊಂಗೆ ಸೊಪ್ಪು ಬಂದರೆ ಮಾತ್ರ ಅವುಗಳಿಗೆ ಅಂಚು ಸಿಗುತ್ತದೆ. ಎತ್ತರಕ್ಕೆ ಸುಗಂಧರಾಜದ ಕಡ್ಡಿ ಮತ್ತು ಅಡಿಕೆ ಹೊಂಬಾಳೆ. ಸುಗಂಧರಾಜ ಬುಡದಿಂದ ಮೇಲಕ್ಕೆ ಅರಳುವುದರಿಂದ, ಕೆಳಗಿನ ಎರಡು ಮೂರು ಮೊಗ್ಗು ಬಿರಿದಿರುವ ಕಡ್ಡಿಯನ್ನೇ ಆರಿಸಿ, ಆರತಕ್ಷತೆಯ ಸಂಜೆ ಅರ್ಧ ಅರಳಿರುವಂತೆಯೂ ಮರುದಿನ ಮುಹೂರ್ತಕ್ಕೆ ಪೂರ್ತಿ ಅರಳುವಂತೆಯೂ ಲೆಕ್ಕ ಹಾಕುತ್ತೇನೆ. ಹೀಗೆ ಒಂದೇ ಜೋಡಣೆ ಎರಡು ದಿನ ಎರಡು ರೂಪ ತೋರಿಸುತ್ತದೆ. ಕೊಯ್ದ ಹೂವನ್ನು ನಿಲ್ಲಿಸುವ ಬಕೆಟ್ಟಿನ ನೀರಿಗೆ ಏನು ಬೆರೆಸುತ್ತೇನೆಂದು ಇಲ್ಲಿ ಬರೆಯಲಾರೆ, ಅದು ಅಡುಗೆಮನೆಯ ವಸ್ತುವೆಂಬಷ್ಟು ಸಾಕು. ವಧೂವರರು ಕುಳಿತಾಗ ಮೂಗಿನ ಮಟ್ಟಕ್ಕೆ ಬರುವ ಕಡೆ ಒಂದು ಹಿಡಿ ಮರುಗ ಸಿಕ್ಕಿಸುತ್ತೇನೆ. ಅದು ಫೋಟೋದಲ್ಲಿ ಕಾಣುವುದಿಲ್ಲ, ಆದರೆ ಎರಡನೆಯ ಆರ್ಡರು ತರುವುದು ಅದೇ ಎಂದು ನನ್ನ ನಂಬಿಕೆ.

ಮಲ್ಲಿಗೆಯ ವಿಷಯದಲ್ಲಿ ನಾನಿನ್ನೂ ಸೋತವನೇ. ಬೇಸಿಗೆಯಲ್ಲಿ ಮೈಸೂರು ಮಲ್ಲಿಗೆ ಬೇಕಾದಷ್ಟಲ್ಲದಿದ್ದರೂ ಸಿಗುತ್ತದೆ. ಚಳಿಗಾಲದಲ್ಲಿ ಬೆಲೆ ಕಿಲೋಗೆ 2,000 ಸಮೀಪಿಸುತ್ತದೆ, ಬರುವುದರಲ್ಲಿ ಬಹುಪಾಲು ತಮಿಳುನಾಡಿನ ಸತ್ಯಮಂಗಲದ ಕಡೆಯದು. ಆ ತಿಂಗಳುಗಳಲ್ಲಿ ಮಲ್ಲಿಗೆಯಂತೆಯೇ ಕಾಣುವ, ಆದರೆ ವಾಸನೆ ಕಡಿಮೆಯಿರುವ ಕಾಕಡ ಹಾಕುತ್ತೇನೆ, ವಾಸನೆ ಕೇಳಿದವರಿಗೆ ಸುಗಂಧರಾಜ ತೋರಿಸುತ್ತೇನೆ.

ಮಂಡ್ಯದ ಒಂದು ಮದುವೆಗೆ ಕಬ್ಬಿನ ಸೂಲಂಗಿಯನ್ನು, ಅಂದರೆ ಕಬ್ಬು ಬಿಡುವ ಗರಿಯಂಥ ಹೂವನ್ನು, ಪ್ರಯತ್ನಿಸಿದ್ದನ್ನು ಹೇಳಲೇಬೇಕು. ಮಾರ್ಗಶಿರದಲ್ಲಿ ನಾಲೆಯ ಬಯಲಿನುದ್ದಕ್ಕೂ ಬೆಳ್ಳಿಯಂತೆ ನಿಂತಿರುವ ಅದನ್ನು ಭತ್ತದ ತೆನೆಯೊಂದಿಗೆ ಮಂಟಪದ ಹಿಂದೆ ನಿಲ್ಲಿಸಿದೆ, ನೋಡಲು ಬಹಳ ಚೆನ್ನಾಗಿಯೇ ಇತ್ತು. ಹುಡುಗಿಯ ತಂದೆ ಕಬ್ಬಿನ ಬೆಳೆಗಾರರು. ಬಂದವರೇ ನೋಡಿ, "ಗದ್ದೇಲಿ ಇದ ಕಂಡ್ರೇ ಹೊಟ್ಟೆ ಉರೀತದೆ, ಮಗಳ ಮಂಟಪಕ್ಕೂ ಇದನ್ನೇ ತಂದು ಮಡಗಿದ್ದೀರಲ್ಲ ಸ್ವಾಮಿ" ಎಂದರು. ಸೂಲಂಗಿ ಬಿಟ್ಟ ಕಬ್ಬಿನ ಇಳುವರಿ ಬೀಳುತ್ತದೆಂಬುದು ನನಗೆ ಆ ಹೊತ್ತಿಗೆ ಹೊಳೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಕಿತ್ತು ತೆನೆಗಳನ್ನು ಹರಡಿ ತುಂಬಿಸಿದೆವು. ಉದುರಿದ ನಾರು ಮಾತ್ರ ಪುರೋಹಿತರ ಶಲ್ಯದ ಮೇಲೆ ಮಧ್ಯಾಹ್ನದವರೆಗೂ ಇತ್ತು. ಮೈಸೂರಿನ ಛತ್ರಗಳಲ್ಲಿ ಈಗಲೂ ಅದನ್ನು ಬಳಸುತ್ತೇನೆ, ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಕೊಯ್ದರೆ ಉದುರುವುದು ಕಡಿಮೆ.

ಲೆಕ್ಕ ಹೀಗಿದೆ. ಮೊದಲು 45,000 ರೂಪಾಯಿಯ ಮಂಟಪಕ್ಕೆ ಹೂವು, ಫೋಮು, ಸಾಗಣೆ ಸೇರಿ 27–28 ಸಾವಿರ ಹೋಗುತ್ತಿತ್ತು. ಈಗ ಅದೇ ಗಾತ್ರಕ್ಕೆ 12–13 ಸಾವಿರ, ಕೂಲಿ ಮಾತ್ರ ಮೊದಲಿಗಿಂತ 3,000 ಹೆಚ್ಚು. ನಕ್ಕ ಮೂವರಲ್ಲಿ ಒಬ್ಬರು ಹೋದ ತಿಂಗಳು ಬಂದು ಬಾಳೆದಿಂಡಿನ ವಿಷಯ ಕೇಳಿಕೊಂಡು ಹೋದರು. ಎಲ್ಲವನ್ನೂ ಹೇಳಿದೆ, ರೈತರ ಊರುಗಳನ್ನು ಬಿಟ್ಟು.

ಫಾಲ್ಗುಣದ ಮದುವೆಗಳ ಹೊತ್ತಿಗೆ ಕೋಳಿಜುಟ್ಟು ಮುಗಿದಿರುತ್ತದೆ, ಕೆಂಪಿಗೆ ಬೇರೇನಾದರೂ ಬೇಕು. ಹೊಲದ ಬದುವಿನ ಮುತ್ತುಗದ ಕೊಂಬೆಗಳನ್ನು ತಂದು ದಿಂಡಿಗೆ ಸಿಕ್ಕಿಸಿ ನೋಡುತ್ತಿದ್ದೇನೆ: ಮೊಗ್ಗಿದ್ದಾಗ ತಂದದ್ದು ಎರಡು ದಿನ ನಿಲ್ಲುತ್ತದೆ, ಅರಳಿದ್ದು ಗಾಡಿಯಲ್ಲಿಯೇ ಉದುರುತ್ತದೆ. ಹೀಗಾಗಿ ಯಾವ ಗಿರಾಕಿಗೂ ಇನ್ನೂ ಒಪ್ಪಿಸಿಲ್ಲ. ಸದ್ಯಕ್ಕೆ ಅದು ನಮ್ಮ ಮನೆಯ ಗೇಟಿನ ಮೇಲಿದೆ.