ಕಾನ್‌ಕೇವ್: ಯಾವ ಬದಿಯಿಂದ ನೋಡುತ್ತೀರಿ?

ಹೊಳೆಯುವ ಸ್ಟೀಲ್ ಚಮಚವೊಂದನ್ನು ಕೈಗೆತ್ತಿಕೊಳ್ಳಿ. ಅದರ ಒಳಬದಿಯಲ್ಲಿ ನೋಡಿದರೆ ನಿಮ್ಮ ಮುಖ ತಲೆಕೆಳಗು. ಬೆನ್ನಿನ ಕಡೆ ತಿರುಗಿಸಿ ನೋಡಿದರೆ ಮುಖ ನೆಟ್ಟಗಿರುತ್ತದೆ, ಆದರೆ ಪುಟ್ಟದಾಗಿ. ಒಳಕ್ಕೆ ತಗ್ಗಿದ ಆ ಮೈ ಇಂಗ್ಲಿಷಿನಲ್ಲಿ ಕಾನ್‌ಕೇವ್, ಹೊರಕ್ಕೆ ಉಬ್ಬಿದ್ದು ಕಾನ್‌ವೆಕ್ಸ್. ಕನ್ನಡ ಪಠ್ಯಗಳಲ್ಲಿ ಇವು ನಿಮ್ನ ಮತ್ತು ಪೀನ.

ನಾನು ವಿಜ್ಞಾನ ಕಲಿಸುವವಳು. ಇಷ್ಟು ಹೇಳಿ ಮುಗಿಸಿದ್ದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಹಾಗಾದರೆ ಚಮಚ ಕಾನ್‌ಕೇವೋ, ಕಾನ್‌ವೆಕ್ಸೋ?” ಎಂದು ಕೇಳಿದಳು. ಈ ಪದದ ಗುಟ್ಟೆಲ್ಲ ಆ ಪ್ರಶ್ನೆಯಲ್ಲಿದೆ. ಕಾನ್‌ಕೇವ್ ಎನ್ನುವುದು ಇಡೀ ವಸ್ತುವಿಗೆ ಅಂಟಿದ ಗುಣವಲ್ಲ, ಅದರ ಒಂದು ಮೈಯ ಗುಣ. ಆದ್ದರಿಂದ ಇಂಗ್ಲಿಷ್ ವಾಕ್ಯ ಬರೆಯುವಾಗ ಬರೀ ಚಮಚ ಎನ್ನದೆ ‘ಇನ್ನರ್ ಸರ್ಫೇಸ್’ (ಒಳಮೈ) ಎಂದು ಬದಿಯನ್ನೂ ಹೆಸರಿಸಿ. ಕನ್ನಡಿಯ ವಿಷಯದಲ್ಲಿ ಆ ತೊಂದರೆಯಿಲ್ಲ. ಪ್ರತಿಫಲಿಸುವ ಬದಿ ಯಾವುದೆಂದು ಎಲ್ಲರಿಗೂ ಗೊತ್ತಿರುವುದರಿಂದ ‘ಕಾನ್‌ಕೇವ್ ಮಿರರ್’ ಎಂದರೆ ಸಾಕು. ಗಡ್ಡ ಹೆರೆಯುವಾಗ ಮುಖವನ್ನು ದೊಡ್ಡದಾಗಿ ತೋರಿಸುವ ಕನ್ನಡಿ ಕಾನ್‌ಕೇವ್.

ಅರ್ಥ ಮರೆತುಹೋಗುತ್ತದೆಯೆ? ಗುಹೆಗೆ ಇಂಗ್ಲಿಷಿನಲ್ಲಿ ಕೇವ್ ಎನ್ನುತ್ತಾರಲ್ಲ, ಅದೂ ಇದೂ ಒಂದೇ ಬೇರಿನವು. ಟೊಳ್ಳು ಎಂಬರ್ಥದ ಕ್ಯಾವಸ್ ಎಂಬ ಲ್ಯಾಟಿನ್ ಪದವೇ ಆ ಬೇರು. ನಾಮಪದವಾದಾಗ ಮಾತ್ರ ಉಚ್ಚಾರಣೆ ಬದಲಾಗಿ ಕಾನ್‌ಕ್ಯಾವಿಟಿ ಆಗುತ್ತದೆ.

ಮೂಲಾರ್ಥ ಟೊಳ್ಳು ಎಂದ ಮಾತ್ರಕ್ಕೆ ಹಾಲೋ ಮತ್ತು ಕಾನ್‌ಕೇವ್ ಒಂದೇ ಎಂದುಕೊಳ್ಳಬೇಡಿ. ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ತಿದ್ದುವ ತಪ್ಪು ಇದೇ. ಚೆಂಡಿನ ಒಳಗೆ ಗಾಳಿಯಷ್ಟೇ ಇದೆ, ಹಾಗಾಗಿ ಅದು ಹಾಲೋ. ಆದರೆ ಅದರ ಹೊರಮೈ ಉಬ್ಬಿಯೇ ಇದೆ. ಸಮೀಪದೃಷ್ಟಿಯವರು ಹಾಕುವ ಮೈನಸ್ ಪವರ್ ಕನ್ನಡಕದ ಮಸೂರದ ಒಳಗೆ ಟೊಳ್ಳಿಲ್ಲ, ಗಟ್ಟಿಯೇ. ಆದರೂ ಅದು ಕಾನ್‌ಕೇವ್. ಬೆರಳುಗಳ ನಡುವೆ ಹಿಡಿದು ನೋಡಿ: ಅಂಚು ದಪ್ಪ, ನಡು ತೆಳು. ಎರಡೂ ಬದಿ ತಗ್ಗಾಗಿದ್ದರೆ ಬೈಕಾನ್‌ಕೇವ್. ನಮ್ಮ ಕೆಂಪು ರಕ್ತಕಣಗಳ ಆಕಾರ ಅದು.

ಬಳಲಿದವರ ಕೆನ್ನೆ ಗುಳಿಬಿದ್ದಿದೆ ಎನ್ನಲು ಸಂಕನ್ ಎಂಬ ಪದವೇ ಚೆನ್ನ. ಕಾನ್‌ಕೇವ್ ಎಂದರೆ ಅಳತೆಪಟ್ಟಿ ಹಿಡಿದು ನೋಡಿದಂತಾಗುತ್ತದೆ. ಹಾಗೆಯೇ ಕತೆಯನ್ನು ಕನ್ನಡಕ್ಕೆ ತರುವಾಗ ನಿಮ್ನ ಎಂದು ಬರೆಯಬೇಡಿ. ‘ಒಳಬಾಗಿದ ಗೋಡೆ’ ಎಂದರೆ ಓದುಗರಿಗೆ ಗೋಡೆಯೇ ಕಣ್ಣಿಗೆ ಕಟ್ಟುತ್ತದೆ.

ಗಣಿತದಲ್ಲಿ ಸ್ವಲ್ಪ ಎಚ್ಚರ ಬೇಕು. ಬಹುಭುಜಾಕೃತಿಯ ಒಂದು ಒಳಕೋನವಾದರೂ 180 ಡಿಗ್ರಿಗಿಂತ ಹೆಚ್ಚಿದ್ದರೆ ಅದು ಕಾನ್‌ಕೇವ್. ಬಾಣದ ತಲೆಯನ್ನು ನೆನೆಸಿಕೊಳ್ಳಿ. ಇದು ಸುಲಭ. ಫಲನಗಳ (ಫಂಕ್ಷನ್‌ಗಳ) ನಕ್ಷೆಯಲ್ಲಿ ಮಾತ್ರ ಗುಡ್ಡದಂತೆ ಮೇಲಕ್ಕೆ ಉಬ್ಬಿದ ವಕ್ರರೇಖೆಯನ್ನು ಕಾನ್‌ಕೇವ್ ಎನ್ನುತ್ತಾರೆ, ಮಕ್ಕಳು ಕಂಗಾಲಾಗುತ್ತಾರೆ. ಆಗ ನಾನು ಮತ್ತೆ ಚಮಚವನ್ನೇ ತೆಗೆದು, ಬೋರಲು ಹಾಕಿ, ತಲೆಯ ಮೇಲೆತ್ತಿ ಹಿಡಿಯುತ್ತೇನೆ. ಕೆಳಗಿನಿಂದ ನೋಡಿದರೆ ಆ ಗುಡ್ಡವೂ ಒಂದು ಗುಹೆಯೇ.